ಮೊಣಕಾಲ ಕೆಳಗಿನ ದಿಂಬು

ರೇಣುಕವ್ವನಿಗೆ ಹೊಸ ಮೊಣಕಾಲು ಬೇಕಾಗಿದ್ದದ್ದು ನಡೆದಾಡಲಿಕ್ಕಲ್ಲ. ನಡೆದಾಡಲಿಕ್ಕೆ ಅಂತ ಮುಂಬೈಯ ಡಾಕ್ಟರರಿಗೆ ಹೇಳಿದ್ದಳು, ಅಷ್ಟೆ. ಸೀಗಿ ಹುಣ್ಣಿಮೆಯ ದಿನ ತಲೆಯ ಮೇಲೆ ಚರಗದ ಬುಟ್ಟಿ ಹೊತ್ತು, ಯರಗುಪ್ಪಿಯ ತಮ್ಮ ಎರೆಹೊಲದ ಮೂಡಣ ಮೂಲೆಗೆ ಹೋಗಿ ನಿಂತು, ಮೈದುನನ ಹೆಂಡತಿ ಫಕೀರವ್ವನ ಮುಖವನ್ನು ಕಣ್ತುಂಬ ನೋಡಬೇಕಾಗಿತ್ತು. ಅದಕ್ಕೆ ಬೇಕಾಗಿತ್ತು ಕಾಲು.

ಸೀಗಿ ಹುಣ್ಣಿಮೆ ಎಂದರೆ ಬಸುರಿಯಾದ ಭೂಮಿತಾಯಿಗೆ ಬಯಕೆ ಉಣಿಸುವ ಹಬ್ಬ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾದ ಹೋಳಿಗೆ, ಮೊಸರನ್ನ ಎಲ್ಲವನ್ನೂ ಬುಟ್ಟಿಯಲ್ಲಿ ತುಂಬಿ ಹೊಲದ ಸುತ್ತ ಚೆಲ್ಲುತ್ತ ಹೋಗಬೇಕು. ಅದೇ ಚರಗ. ಬುಟ್ಟಿ ಹೊರುವವಳು ಮನೆಯ ಹಿರೇಸೊಸೆ. ಅವಳ ಹಿಂದೆ ತಂಬಿಗೆ ಹಿಡಿದು ನೀರು ಚಿಮುಕಿಸುತ್ತ ನಡೆಯುವವಳು ಎರಡನೆಯವಳು. ಇಪ್ಪತ್ತಾರು ವರ್ಷ ರೇಣುಕವ್ವ ಬುಟ್ಟಿ ಹೊತ್ತಿದ್ದಳು, ಇಪ್ಪತ್ತಾರು ವರ್ಷ ಫಕೀರವ್ವ ತಂಬಿಗೆ ಹಿಡಿದಿದ್ದಳು. ಬುಟ್ಟಿಯ ಮೇಲೆ ಅವಳ ಕಣ್ಣು ಮೊದಲ ವರ್ಷದಿಂದಲೇ ಇತ್ತು.

ಹೋದ ವರ್ಷ ಆ ಮೂಡಣ ಮೂಲೆಯಲ್ಲಿ ರೇಣುಕವ್ವನ ಸವೆದ ಮೊಣಕಾಲು ಕೈಕೊಟ್ಟಿತು. ಹಸಿ ಎರೆಮಣ್ಣಿನಲ್ಲಿ ದೊಪ್ಪನೆ ಬಿದ್ದಳು, ಬುಟ್ಟಿ ಉರುಳಿತು, ಹೋಳಿಗೆ ಮಣ್ಣಾಯಿತು. ಬೀಗರು, ನೆಂಟರು, ಬಾಜು ಹೊಲದವರು ಎಲ್ಲ ನೋಡುತ್ತಿದ್ದರು. ಫಕೀರವ್ವ ಓಡಿ ಬಂದಳು. ಬಂದವಳು ಎತ್ತಿದ್ದು ಬುಟ್ಟಿಯನ್ನು.

"ಬಂಜಿ ಕೈಲೆ ಉಣ್ಣೂದಿಲ್ಲ ಅಂತ ಭೂಮಿತಾಯಿನಽ ಕೆಡವಿದ್ಲು ನೋಡ್ರಿ," ಎಂದಳು, ಎಲ್ಲರಿಗೂ ಕೇಳುವ ಹಾಗೆ.

ಯಾರೋ ಕಿಸಕ್ಕನೆ ನಕ್ಕರು. ಫಕೀರವ್ವ ಬುಟ್ಟಿಯನ್ನು ತನ್ನ ತಲೆಗೇರಿಸಿಕೊಂಡು ಮುಂದೆ ನಡೆದೇಬಿಟ್ಟಳು. ಚರಗದ ಕೂಗು ದೂರ ಹೋಗುತ್ತ ಹೋಯಿತು, ಮಕ್ಕಳಿಲ್ಲದ ರೇಣುಕವ್ವ ಮಣ್ಣಿನಲ್ಲಿ ಕೂತಿದ್ದಳು. ಗಂಡ ತಿರಕಪ್ಪ ಬಂದು ರಟ್ಟೆ ಹಿಡಿದು ಎಬ್ಬಿಸಿದಾಗ ಅವಳು ಅಳಲಿಲ್ಲ. ಅಳುವುದಕ್ಕೆ ಸಿಟ್ಟು ಬಿಡಬೇಕಲ್ಲ.

ಅವಳ ತಮ್ಮ ಬಸವಣ್ಣೆಪ್ಪ ಮುಂಬೈಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುತ್ತಿದ್ದ. ಹದಿನೆಂಟು ವರ್ಷ ಎಲುಬಿನ ಡಾಕ್ಟರರನ್ನು ಮೇಲೆ ಒಯ್ದು ಕೆಳಗೆ ತಂದವನು ಒಂದು ದಿನ ಲಿಫ್ಟಿನಲ್ಲೇ ಕೈಮುಗಿದು ಅಕ್ಕನ ಸುದ್ದಿ ಹೇಳಿದ. ನಾಗರ ಪಂಚಮಿ ಮುಗಿದ ವಾರ ಅವಳ ಮೊಣಕಾಲನ್ನು ಕೊಯ್ದು, ಲಂಡನ್ನಿನಿಂದ ಬಂದ ಕೀಲು ಕೂಡಿಸಿದರು. ಹೊಲಿಗೆ ಬಿಚ್ಚಿಸಿಕೊಂಡು ಅವಳು ಊರಿಗೆ ಬಂದಾಗ ಗಣಪತಿ ಹಬ್ಬ. ಸೀಗಿ ಹುಣ್ಣಿಮೆಗೆ ಇನ್ನು ಆರೇ ವಾರ.

ಮುಂಬೈಗೆ ತಿರುಗಿ ಹೋಗುವ ಮುಂಚೆ ಬಸವಣ್ಣೆಪ್ಪ ಡಾಕ್ಟರರು ಬರೆದುಕೊಟ್ಟ ಕಾಗದವನ್ನು ಪಡಸಾಲೆಯಲ್ಲಿ ನಿಂತು ಮೂರು ಸಲ ಓದಿದ. ನೆಲದ ಮೇಲೆ ಕೂಡಬಾರದು. ಚಕ್ಕಳಮಕ್ಕಳ ಹಾಕಬಾರದು. ದಿನಕ್ಕೆ ನಾಲ್ಕು ಸಲ ಕಾಲು ಚಾಚಿ, ಮೊಣಕಾಲನ್ನು ಕೆಳಕ್ಕೆ ಒತ್ತಿ, ಹತ್ತು ಎಣಿಸಬೇಕು. ಮಂಚದ ಅಂಚಿಗೆ ಕೂತು ಮಡಚಬೇಕು. ಮತ್ತು ಎಷ್ಟೇ ನೋವಾದರೂ ಮೊಣಕಾಲ ಕೆಳಗೆ ದಿಂಬು ಇಡಬಾರದು. ಇಟ್ಟರೆ ಆ ಕ್ಷಣಕ್ಕೆ ಹಾಯ್ ಅನಿಸುತ್ತದೆ, ಆದರೆ ಕಾಲು ಬಾಗಿದಂತೆಯೇ ಸೆಟೆದು ನಿಂತುಬಿಡುತ್ತದೆ. ತಿರಕಪ್ಪ ಕೇಳಿದ, ಮೈದುನ ಭರಮಪ್ಪ ಕೇಳಿದ, ಅವನ ಮಗ ಹುಲಿಗೆಪ್ಪ, ಸೊಸೆ ಮೈಲಾರವ್ವ ಕೇಳಿದರು. ಅಡಿಗೆ ಮನೆಯ ಬಾಗಿಲಿಗೆ ಆತು ನಿಂತು ಫಕೀರವ್ವನೂ ಕೇಳಿದಳು.

ಮೊದಲ ವಾರ ನರಕ. ಬಾವು ಇಳಿದಿರಲಿಲ್ಲ, ಕಾಲು ಹೆಂಚಿನಂತೆ ಸುಡುತ್ತಿತ್ತು. ಮೈಲಾರವ್ವ ತಣ್ಣೀರಿನಲ್ಲಿ ಅದ್ದಿದ ಅರಿವೆ ಹಾಕುತ್ತಿದ್ದಳು. ಬಡಿಗೇರ ಅಂದಾನೆಪ್ಪ ನಡುವೆ ತೂತಿರುವ ಒಂದು ಕುರ್ಚಿ ಮಾಡಿಕೊಟ್ಟಿದ್ದ, ಬಯಲಕಡೆಗೆ ಅದೇ ಗತಿ. ಫಕೀರವ್ವ ಬಂದವರಿಗೆಲ್ಲ ಅದನ್ನು ತೋರಿಸಿ, "ನಮ್ಮಕ್ಕಗ ಸಿಂಹಾಸನ ಬಂದೈತ್ರಿ," ಎನ್ನುತ್ತಿದ್ದಳು.

ರೇಣುಕವ್ವ ತುಟಿ ಕಚ್ಚಿಕೊಂಡು ವ್ಯಾಯಾಮ ಮಾಡಿದಳು. ಮೊಣಕಾಲ ಕೆಳಗೆ ಫಕೀರವ್ವನ ಕುತ್ತಿಗೆ ಇದೆ ಎಂದುಕೊಂಡು ಒತ್ತುತ್ತಿದ್ದಳು. ಹತ್ತು ಎಣಿಸು ಅಂದರೆ ಹದಿನೈದು ಎಣಿಸುತ್ತಿದ್ದಳು. ಡಾಕ್ಟರರಿಗೆ ಈ ಉಪಾಯ ಗೊತ್ತಿದ್ದರೆ ಕಾಗದದಲ್ಲಿ ಅದನ್ನೂ ಬರೆಯುತ್ತಿದ್ದರೋ ಏನೋ. ಮೊದಲ ದಿನ ಮೊಣಕಾಲಿಗೂ ಹಾಸಿಗೆಗೂ ನಡುವೆ ಮೈಲಾರವ್ವನ ನಾಲ್ಕು ಬೆರಳು ತೂರುತ್ತಿದ್ದವು. ವಾರ ಕಳೆಯುವಷ್ಟರಲ್ಲಿ ಎರಡಕ್ಕೆ ಬಂತು.

ಆಮೇಲೆ ಶುರುವಾಯಿತು ದಿಂಬಿನ ಆಟ.

ಮಧ್ಯಾಹ್ನ ನೋವಿನ ಗುಳಿಗೆ ನುಂಗಿ ರೇಣುಕವ್ವ ನಿದ್ದೆ ಹೋಗುತ್ತಿದ್ದಳು. ಒಂದು ದಿನ ಎಚ್ಚರವಾದಾಗ ಮೊಣಕಾಲ ಕೆಳಗೆ ಮೆತ್ತನೆಯ ದಿಂಬು. ಓಣಿಯ ಜುಲೇಖಾಬಿ ಮಾತಾಡಿಸಲು ಬಂದು ಕೂತಿದ್ದಳು.

"ನೆಗೆಣ್ಣಿ ಅಂದ್ರ ಹಿಂಗಿರಬೇಕು ನೋಡವ್ವ," ಎಂದಳು ಜುಲೇಖಾಬಿ. "ತವರಮನಿಂದ ತಂದ ದಿಂಬು ನಿನ್ನ ಕಾಲಿಗೆ ಕೊಟ್ಟಾಳ."

"ನರಳಾಕತ್ತಿದ್ದಿ ಯಕ್ಕಾ, ಕರಳು ಚುರ್ ಅಂತು," ಎಂದಳು ಫಕೀರವ್ವ, ಸೆರಗಿನಿಂದ ಕಣ್ಣೊರೆಸಿಕೊಂಡು.

"ದಿಂಬು ಇಡಬ್ಯಾಡ ಅಂತ ಓದಿದ್ದು ಕೇಳ್ಲಿಲ್ಲೇನು?"

"ಹೌದಲ್ಲ! ಮರ್ತೇ ಬಿಟ್ಟೆ ನೋಡು."

ಮರುದಿನವೂ ಮರೆತಳು. ಅದರ ಮರುದಿನವೂ ಮರೆತಳು. ಮೈಲಾರವ್ವನನ್ನು ಮಧ್ಯಾಹ್ನ ಮೆಣಸಿನ ಹೊಲಕ್ಕೆ ಅಟ್ಟಿ, ರೇಣುಕವ್ವನ ಕಣ್ಣು ಮುಚ್ಚುವುದನ್ನೇ ಕಾದು ಮರೆಯುತ್ತಿದ್ದಳು. ಎಂಟು ದಿನಕ್ಕೆ ಮೊಣಕಾಲ ಕೆಳಗೆ ಮತ್ತೆ ನಾಲ್ಕು ಬೆರಳು ತೂರತೊಡಗಿದವು. ಒತ್ತಿದರೆ ಜೀವ ಹೋದಂತಾಗುತ್ತಿತ್ತು, ಕಾಲು ಮಾತ್ರ ಇಳಿಯುತ್ತಿರಲಿಲ್ಲ. ರೇಣುಕವ್ವ ಅಂದು ಮೊದಲ ಸಲ ಹೆದರಿದಳು. ಹೀಗೇ ಕುಂಟುತ್ತ ಉಳಿದರೆ ಬುಟ್ಟಿ ಸಾಯುವ ತನಕ ಆ ಫಕೀರವ್ವನ ತಲೆಯ ಮೇಲೆ, ಆ ಮಾತು ಸಾಯುವ ತನಕ ತನ್ನ ತಲೆಯ ಮೇಲೆ.

"ಮೈಲಾರವ್ವಾ, ಕತ್ತರಿ ತಗೊಂಬಾ," ಎಂದಳು.

ಇಬ್ಬರೂ ಕೂಡಿ ದಿಂಬನ್ನು ಸೀಳಿದರು. ಒಳಗೆ ಬೆಳ್ಳನೆಯ ಹತ್ತಿ. ರೇಣುಕವ್ವ ಮಂಚದ ಮೇಲೆ ಕೂತು ಹೂಬತ್ತಿ ಹೊಸೆಯತೊಡಗಿದಳು. ಫಕೀರವ್ವ ಬಂದವಳು ಬಾಗಿಲಲ್ಲೇ ನಿಂತಳು.

"ಅಯ್ಯ! ನನ್ನ ತವರಮನಿ ದಿಂಬು!"

"ಹುಣ್ಣವಿಗೆ ಬತ್ತಿ ಬೇಕಲ್ಲ. ಭೂಮಿತಾಯಿ ಮುಂದ ಉರೀತೈತಿ, ನಿನಗಽ ಪುಣ್ಯ ತಗೊ," ಎಂದಳು ರೇಣುಕವ್ವ, ತಲೆ ಎತ್ತದೆ.

ಅಂದಿನಿಂದ ಮಧ್ಯಾಹ್ನದ ನಿದ್ದೆ ಬಿಟ್ಟಳು. ಗುಳಿಗೆಯನ್ನೂ ಬಿಟ್ಟಳು. ಮೈಲಾರವ್ವ ಮುಂಜಾನೆ ಸಂಜೆ ಹಿಮ್ಮಡಿ ಎತ್ತಿ ಹಿಡಿದು, ತೊಡೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತುತ್ತಿದ್ದಳು. ಮೂರು ಬೆರಳು, ಎರಡು ಬೆರಳು. ವಾಕರ್ ಬಿಟ್ಟು ಕೋಲು ಹಿಡಿದಳು. ಖಾಲಿ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಹಿತ್ತಲಲ್ಲಿ ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ.

ದಿಂಬಿನ ದಾರಿ ಮುಚ್ಚಿದ ಮೇಲೆ ಫಕೀರವ್ವ ಬಾಯಿ ತೆರೆದಳು. ಕಬ್ಬಿಣದ ಕಾಲಿನವಳು ಬಸುರಿ ಭೂಮಿಗೆ ಬಯಕೆ ಒಯ್ಯಬಹುದೇ, ಕೇಡಾಗುವುದಿಲ್ಲವೇ ಎಂದು ಬಾವಿಕಟ್ಟೆಯಲ್ಲಿ ಹಬ್ಬಿಸಿದಳು. ಹಿರಿಯರು ನಾಲ್ಕು ಮಂದಿ ತಿರಕಪ್ಪನನ್ನು ಕೇಳಿಯೇಬಿಟ್ಟರು. ತಿರಕಪ್ಪ ವರ್ಷಕ್ಕೆ ಒಂದು ಮಾತಾಡುವ ಮನುಷ್ಯ. ಆ ವರ್ಷದ ಮಾತು ಅಲ್ಲಿ ಆಡಿದ.

"ಹೊಲಾ ಊಳೂ ರಂಟಿ ಕುಡ ಯಾತರದೈತ್ರಿ? ಕಬ್ಬಿಣದ್ದಽ ಅಲ್ಲೇನು? ಭೂಮಿತಾಯಿಗೆ ಕಬ್ಬಿಣ ಹೊಸಾದೇನ್ರಿ?"

ಹಿರಿಯರು ಎದ್ದು ಹೋದರು. ರೇಣುಕವ್ವ ಅಂದು ಗಂಡನಿಗೆ ಎರಡು ಹೋಳಿಗೆ ಜಾಸ್ತಿ ಬಡಿಸಲು ಮೈಲಾರವ್ವನಿಗೆ ಹೇಳಿದಳು.

ಬುಟ್ಟಿ ಹೊತ್ತು ನಿಂತಾಗ ಫಕೀರವ್ವನಿಗೆ ಏನು ಅನ್ನಬೇಕೆಂಬುದೂ ಅವಳಿಗೆ ಬಾಯಿಪಾಠವಾಗಿತ್ತು. ಫಕೀರವ್ವನ ಸೊಸೆ ಮೈಲಾರವ್ವ ಮದುವೆಯಾಗಿ ಬಂದು ನಾಲ್ಕು ವರ್ಷ, ಮಡಿಲು ತುಂಬಿರಲಿಲ್ಲ. 'ನಿನ್ನ ಸೊಸಿನೂ ಬಂಜಿ ಅಲ್ಲೇನು, ನಿನ್ನ ವಂಶ ಎಲ್ಲಿಂದ ಬೆಳಿತೈತಿ?' ಅಷ್ಟೇ ಸಾಕು. ಮೂವತ್ತು ಜನರ ಎದುರು, ಅದೇ ಮೂಲೆಯಲ್ಲಿ, ಅದೇ ಶಬ್ದ. ಒತ್ತುವಾಗ ಹತ್ತು ಎಣಿಸುವ ಬದಲು ಅವಳು ಆ ಮಾತನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದಳು. ಎದುರಿಗೆ ಮೈಲಾರವ್ವ ಹಿಮ್ಮಡಿ ಹಿಡಿದು ಕೂತಿರುತ್ತಿದ್ದಳು.

ಹುಣ್ಣಿಮೆಗೆ ಮೂರು ದಿನ ಇರುವಾಗ ಬೆರಳು ತೂರಲಿಲ್ಲ. ಮೊಣಕಾಲು ಹಾಸಿಗೆಗೆ ತಾಗಿತ್ತು.

"ಹತ್ತಿತ್ರಿ ದೊಡ್ಡತ್ತಿ!" ಎಂದು ಮೈಲಾರವ್ವ ಕುಣಿದಳು. ಮರುಕ್ಷಣ ಅವಳ ಮುಖ ಸಣ್ಣದಾಯಿತು. "ನೀವು ಬುಟ್ಟಿ ಹೊರೂದು ನೋಡಾಕ ನಾ ಬರೂದಿಲ್ರಿ."

"ಯಾಕ?"

"ಅತ್ತಿ ಬ್ಯಾಡ ಅಂದಾರ್ರಿ. ನನ್ನಂಥಾಕಿ ಬಸುರಿ ಭೂಮಿ ಮುಂದ ಸುಳೀಬಾರದಂತ. ಮನಿಯಾಗಽ ಇರು ಅಂದ್ರು."

ರೇಣುಕವ್ವ ಚಾಚಿದ ಕಾಲನ್ನು ಮೆಲ್ಲಗೆ ಒಳಕ್ಕೆ ಎಳೆದುಕೊಂಡಳು. ತಾನು ಆರು ವಾರ ಮಸೆದ ಕತ್ತಿ ಯಾರ ಕುತ್ತಿಗೆಗೆ ಬೀಳುತ್ತಿತ್ತು ಎಂಬುದು ಆಗ ಕಾಣಿಸಿತು. ನಾಚಿಕೆಯಾಯಿತು. ಆದರೆ ನಾಚಿಕೆಯ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಅದು ಎಷ್ಟು ಚಂದದ ಯೋಚನೆಯಾಗಿತ್ತೆಂದರೆ ಅವಳಿಗೆ ನಗು ತಡೆಯಲಾಗಲಿಲ್ಲ.

"ನೀ ಬರ್ತಿ," ಎಂದಳು. "ಹಸಿರು ಇಳಕಲ್ ಸೀರಿ ಉಟ್ಕೊಂಡು ಬರ್ತಿ. ಹಿರೇಸೊಸಿ ಮಾತು ಇದು. ನಿಮ್ಮತ್ತಿಗೆ ನಾ ಹೇಳ್ತೇನಿ."

ಹುಣ್ಣಿಮೆಯ ದಿನ ಚಕ್ಕಡಿಯಲ್ಲಿ ಅವಳ ಜೊತೆ ಒಂದು ಕುರ್ಚಿಯೂ ಬಂತು. ಬನ್ನಿಗಿಡದ ಕೆಳಗೆ ಐದು ಕಲ್ಲಿಟ್ಟು ಪೂಜೆ ಮಾಡಿದರು. ದಿಂಬಿನ ಹತ್ತಿಯ ಬತ್ತಿಗಳು ಸೊಗಸಾಗಿ ಉರಿದವು. ಫಕೀರವ್ವ ಹೊಸ ಕುಬಸ ತೊಟ್ಟು, ಬುಟ್ಟಿ ಹೊರಲು ತಲೆಯ ಮೇಲೆ ಬಟ್ಟೆಯ ಸಿಂಬಿ ಸಹ ಇಟ್ಟುಕೊಂಡು ತಯಾರಾಗಿ ನಿಂತಿದ್ದಳು. ಮುದುಕಿ ಹತ್ತು ಹೆಜ್ಜೆಗೆ ಬೀಳುತ್ತಾಳೆ, ಬುಟ್ಟಿ ತನಗೇ ಎಂದು ಅವಳ ಲೆಕ್ಕ.

ರೇಣುಕವ್ವ ಬುಟ್ಟಿ ಹೊತ್ತಳು. ಬಲಗೈಯಲ್ಲಿ ಕೋಲು, ಎಡಗೈ ಬುಟ್ಟಿಗೆ. ಹುಲಿಗೆಪ್ಪ ಚರಗ ಚೆಲ್ಲುತ್ತ "ಹುಲ್ಲುಲ್ಲಿಗ್ಯೋ" ಎಂದು ಕೂಗಿದ, ಎಲ್ಲರೂ ದನಿಗೂಡಿಸಿದರು. ಎರೆಮಣ್ಣು ಕಾಲಿಗೆ ಮೆತ್ತಿಕೊಂಡು ಒಂದೊಂದು ಹೆಜ್ಜೆಯೂ ಭಾರವಾಯಿತು. ಹೊಸ ಕೀಲಿನ ಸುತ್ತ ಉರಿ ಎದ್ದಿತು. ಅವಳು ನಿಲ್ಲಲಿಲ್ಲ. ಹತ್ತಿಯ ಸಾಲು ದಾಟಿ, ಮೆಣಸಿನ ಸಾಲು ದಾಟಿ, ಮೂಡಣ ಮೂಲೆಗೆ ಬಂದಳು. ಹೋದ ವರ್ಷ ಬಿದ್ದ ಜಾಗದಲ್ಲೇ ಎರಡೂ ಕಾಲೂರಿ ನಿಂತು, ತಿರುಗಿ ಫಕೀರವ್ವನ ಮುಖ ನೋಡಿದಳು. ಆಹಾ, ಆ ಮುಖ!

"ಎಲ್ಲಾರೂ ಕೇಳ್ರಿ," ಎಂದಳು ರೇಣುಕವ್ವ. "ಹೊತ್ತೇನಿ, ಬಿದ್ದಿಲ್ಲ. ಇನ್ನ ಮುಂದ ಈ ಬುಟ್ಟಿ ಯಾರು ಹೊರಬೇಕು ಅನ್ನೂದು ಹಿರೇಸೊಸಿ ಹೇಳೂ ಮಾತು."

ಫಕೀರವ್ವ ಎರಡು ಹೆಜ್ಜೆ ಮುಂದೆ ಬಂದು ಕೈಚಾಚಿದಳು.

"ಮೈಲಾರವ್ವಾ, ಬಾರವ್ವ ಇಲ್ಲೆ."

ಹಸಿರು ಸೀರೆಯ ಹುಡುಗಿ ಸೆರಗು ಸರಿಮಾಡಿಕೊಳ್ಳುತ್ತ ಬಂದಳು. ರೇಣುಕವ್ವ ಬುಟ್ಟಿ ಇಳಿಸಿ ಅವಳ ತಲೆಯ ಮೇಲಿಟ್ಟಳು. ಇದೆಲ್ಲ ಆ ಹುಡುಗಿಯ ಮೇಲಿನ ಪ್ರೀತಿಯಿಂದ ಎಂದರೆ ಅರ್ಧ ಸುಳ್ಳು. ಅವಳ ಕಣ್ಣು ಆಗಲೂ ಇದ್ದದ್ದು ಫಕೀರವ್ವನ ಮೇಲೆ.

"ಯಕ್ಕಾ!" ಫಕೀರವ್ವನ ದನಿ ಒಡೆಯಿತು. "ಆಕಿ ಹೆಂಗ ಹೊರ್ತಾಳ? ಆಕಿ..."

"ಆಕಿ ಏನು?" ಎಂದಳು ರೇಣುಕವ್ವ. "ಅನ್ನು. ಹ್ವಾದ ವರ್ಷ ನನಗಂದಿ ಅಲ್ಲ, ಅದಽ ಮಾತು ಅನ್ನು. ನಿನ್ನ ಮಗನ ಹೇಂತಿಗೆ, ಬೀಗರ ಮುಂದ ಅನ್ನು. ನಾ ಬುಟ್ಟಿ ತಿರಿಗಿ ತಗೊಂಡು ನಿನಗಽ ಕೊಡ್ತೇನಿ."

ಮೈಲಾರವ್ವನ ತಂದೆತಾಯಿ ಅಲ್ಲೇ ನಿಂತಿದ್ದರು. ಹುಲಿಗೆಪ್ಪ ಚರಗದ ಕೈಯನ್ನು ಹಾಗೇ ಹಿಡಿದು ತಾಯಿಯನ್ನು ನೋಡುತ್ತಿದ್ದ. ಫಕೀರವ್ವನ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಆ ಮಾತು ಅಂದರೆ ಮಗ ಹೋದ, ಅನ್ನದಿದ್ದರೆ ಬುಟ್ಟಿ ಹೋಯಿತು. ಕೊನೆಗೆ ಬಾಯಿ ಮುಚ್ಚಿಯೇ ಉಳಿಯಿತು.

"ಹಂಗಾರ ತಂಬಿಗಿ ಹಿಡಿ," ಎಂದಳು ರೇಣುಕವ್ವ. "ಸೊಸಿ ಹಿಂದ ನಡಿ. ನೀರು ಸರ್ಯಾಗಿ ಚಿಮುಕಿಸು, ಇಪ್ಪತ್ತಾರು ವರ್ಷದ ರೂಢಿ ಐತಲ್ಲ."

ತಿರಕಪ್ಪ ಕುರ್ಚಿ ತಂದಿಟ್ಟ. ರೇಣುಕವ್ವ ಕೂತು, ಉರಿಯುವ ಕಾಲನ್ನು ನೇರ ಚಾಚಿ, ಅವರು ಹೋಗುವುದನ್ನು ನೋಡತೊಡಗಿದಳು. ಜೋಳದ ಪೈರಿನ ಅಂಚಿನಲ್ಲಿ ಹಸಿರು ಸೀರೆಯ ಮೇಲೆ ಬುಟ್ಟಿ ಹೋಗುತ್ತಿತ್ತು. ಅದರ ಹಿಂದೆ ತಲೆಯ ಮೇಲೆ ಖಾಲಿ ಸಿಂಬಿ ಹೊತ್ತ ಫಕೀರವ್ವ, ಕೈಯಲ್ಲಿ ತಂಬಿಗೆ. ಹೊಲ ದೊಡ್ಡದು. ಇನ್ನೂ ದೊಡ್ಡದಿದ್ದರೆ ಚೆನ್ನಾಗಿತ್ತು ಎಂದು ರೇಣುಕವ್ವನಿಗೆ ಅನಿಸಿತು.

ಸುತ್ತು ಮುಗಿಯಿತು. ಬುಟ್ಟಿ ಬೀಳಲಿಲ್ಲ. ಫಕೀರವ್ವ ಬಂದು ಬನ್ನಿಗಿಡದ ಕೆಳಗೆ ಕುಸಿದು ಕೂತು, ಯಾರನ್ನೂ ನೋಡದೆ ತನ್ನ ಮೊಣಕಾಲು ತಿಕ್ಕಿಕೊಳ್ಳತೊಡಗಿದಳು. ರೇಣುಕವ್ವ ಕುರ್ಚಿಯಿಂದ ಬಾಗಿ, ಎಲ್ಲರಿಗೂ ಕೇಳುವ ಹಾಗೆ ಅಕ್ಕರೆಯಿಂದ ಕೇಳಿದಳು.

"ಕಾಲು ನೊಂದಾವೇನಽ ಫಕೀರವ್ವಾ? ಮೊಣಕಾಲ ಕೆಳಗ ಒಂದು ದಿಂಬು ಇಡಿಸ್ಲೇನು?"