ಮುಚ್ಚಿದ ಗುಂಡಿಯ ಚಿತ್ರ

ದರ್ಜಿಯ ಮಗಳು ಸೈಕಲ್ ಸಮೇತ ಜಲ್ಲಿ ಗುಂಡಿಗೆ ಬಿದ್ದು ಸತ್ತ ಮೇಲೆ ಸರ್ಕಾರ ಒಂದು ಸಮಿತಿ ಮಾಡಿತು.

ಹುಡುಗಿ ಕಾಲೇಜು ಮುಗಿಸಿ ಮನೆಗೆ ಬರುತ್ತಿದ್ದಳು. ಎದುರಿನಿಂದ ಟಿಪ್ಪರ್ ಬಂತು. ದಾರಿ ಬಿಡಲೆಂದು ರಸ್ತೆಯ ಅಂಚಿಗೆ ಸರಿದಳು. ಅಂಚು ಎನ್ನುವುದು ಅಲ್ಲಿ ಹೆಸರಿಗೆ ಮಾತ್ರ ಇತ್ತು. ಕೆಳಗಿನ ಜಲ್ಲಿಯನ್ನೆಲ್ಲ ಬಗೆದು ಸಾಗಿಸಿದ್ದರಿಂದ ಮೇಲಿನ ಮಣ್ಣು ಆಧಾರವಿಲ್ಲದೆ ಚಾಚಿಕೊಂಡು ನಿಂತಿತ್ತು. ಅವಳ ಭಾರಕ್ಕೆ ಕುಸಿಯಿತು. ಕೆಳಗೆ ಪಾಚಿಗಟ್ಟಿದ ನೀರು. ಆ ಗುಂಡಿಯಲ್ಲಿ ಕೆಲಸ ನಿಂತು ಎಷ್ಟೋ ವರ್ಷವಾಗಿತ್ತು. ಸುತ್ತ ಬೇಲಿ ಹಾಕಬೇಕು, ಆಮೇಲೆ ಮುಚ್ಚಬೇಕು ಎಂಬ ನಿಯಮವೇನೋ ಇತ್ತು. ಬೇಲಿ ಇರಲಿಲ್ಲ.

ಗುಂಡಿ ತೋಡಿದವನನ್ನು ಊರವರೆಲ್ಲ ಹೆಬ್ಬಂಡೆ ಎಂದೇ ಕರೆಯುತ್ತಿದ್ದರು. ಆಳೂ ಹಾಗೇ ಇದ್ದ, ಅವನ ವ್ಯವಹಾರವೂ ಹಾಗೇ ಇತ್ತು. ಊರ ಸುತ್ತಮುತ್ತ ದೊಡ್ಡ ಗುಂಡಿಗಳೆಲ್ಲ ಅವನವೇ. ಪೊಲೀಸರು ಕೇಳಿದಾಗ, "ಅದು ಹಳೇ ಪರವಾನಗಿದು. ಅದು ಮುಗಿದ ಮೇಲೆ ಆ ಗುಂಡಿಗೂ ನನಗೂ ಏನ್ ಸಂಬಂಧ?" ಎಂದ. ಪೊಲೀಸರಿಗೂ ಅದು ಸರಿಯೆನಿಸಿತು.

ಜನ ರಸ್ತೆಯಲ್ಲಿ ಕೂತರು. ಆಗಲೇ ಸಮಿತಿ ಹುಟ್ಟಿದ್ದು. ಜಲ್ಲಿ ಗುಂಡಿ ಮತ್ತು ಕಲ್ಲು ಕ್ವಾರಿಗಳ ಪರವಾನಗಿ ನೀತಿ ಹಳತಾಗಿದೆ, ಅದನ್ನು ಹೊಸ ಕಾಲಕ್ಕೆ ತಕ್ಕಂತೆ ತಿದ್ದಬೇಕು ಎಂದು ಆದೇಶ ಬಂತು. ಸಮಿತಿಯಲ್ಲಿ ಅಧಿಕಾರಿಗಳು, ಎಂಜಿನಿಯರುಗಳು, ದೊಡ್ಡ ಕ್ವಾರಿಗಳ ಪರವಾಗಿ ಹೆಬ್ಬಂಡೆ. ಸಣ್ಣ ಗುಂಡಿಗಳವರ ಪರವಾಗಿ ಒಬ್ಬರು ಬೇಕಾಗಿತ್ತು. ಎಲ್ಲರೂ ಜಲ್ಲಿಯಕ್ಕನ ಕಡೆ ಬೆರಳು ತೋರಿಸಿದರು.

ಜಲ್ಲಿಯಕ್ಕ ಅಪ್ಪನ ಗುಂಡಿಯನ್ನು ತಮ್ಮನ ಜೊತೆ ನಡೆಸುತ್ತಿದ್ದಳು. ನಲವತ್ತು ದಾಟಿದ ಹೆಂಗಸು, ಮಾತು ಒರಟು, ಕೆಲಸ ನೇರ. ಅವಳಪ್ಪ ಜೀವಮಾನವೆಲ್ಲ ಬಂಡೆ ಸಿಡಿಸಿ ಕಿವಿ ಕಳೆದುಕೊಂಡಿದ್ದ. ಹಾಗಾಗಿ ಅವನು ಗುಟ್ಟು ಹೇಳಿದರೂ ಮೂರು ಮನೆಗೆ ಕೇಳುತ್ತಿತ್ತು. ತಮ್ಮ ಟಿಪ್ಪರ್ ಓಡಿಸುತ್ತಿದ್ದ. ಖಾಕಿ ಕಂಡರೆ, ಕೊನೆಗೆ ಅಂಚೆಯವನ ಖಾಕಿ ಕಂಡರೂ, ಎದೆ ಡವಡವ ಅನ್ನುವ ಜಾತಿ.

"ನಮಗ್ಯಾಕಕ್ಕಾ ಸಮಿತಿ ಗಿಮಿತಿ? ದೊಡ್ಡವರ ಜೊತೆ ಕೂತು ಎದ್ದು ಬರೋಷ್ಟರಲ್ಲಿ ನಮ್ಮ ಪರವಾನಗಿ ಇರುತ್ತೋ ಇಲ್ವೋ," ಎಂದ ತಮ್ಮ.

"ಆ ಹುಡುಗಿ ನಮ್ಮ ಹಳೇ ಗುಂಡಿ ಎದುರಿಗೇ ಸತ್ತಿದ್ದು ಕಣೋ. ನಾನು ಹೋಗ್ದೆ ಇನ್ಯಾರು ಹೋಗ್ತಾರೆ?" ಎಂದಳು ಅವಳು.

ಅವರ ಹಳೆಯ ಗುಂಡಿ ಹೆಬ್ಬಂಡೆಯ ಗುಂಡಿಗೆ ಎದುರಾಗಿ, ರಸ್ತೆಯ ಈಚೆ ಬದಿಗಿತ್ತು. ಅದರಲ್ಲಿ ಜಲ್ಲಿ ತೀರಿದ ಮೇಲೆ ಅಕ್ಕತಮ್ಮ ಸೇರಿ ಮುಚ್ಚಿದ್ದರು. ತೆಗೆದಿಟ್ಟಿದ್ದ ಮೇಲ್ಮಣ್ಣನ್ನೇ ಮತ್ತೆ ಹರಡಿ, ಮಳೆಗೆ ಕುಗ್ಗಿದಲ್ಲಿ ಪುನಃ ತುಂಬಿ, ಹುಲ್ಲು ಬರಿಸಿದ್ದರು. ಈಗ ಅಲ್ಲಿ ಆಡುಗಳು ಮೇಯುತ್ತಿದ್ದವು.

ಸಮಿತಿಯ ಸಭೆಗಳು ನಡೆದವು. ಉದ್ದನೆಯ ಮೇಜು, ಗೋಡೆಯ ಮೇಲೆ ಬೆಳಕಿನ ಚಿತ್ರಗಳು, ತಣ್ಣಗಾದ ಚಹಾ. ಎಲ್ಲವನ್ನೂ ಬರೆದುಕೊಳ್ಳುತ್ತಿದ್ದವಳು ಇಲಾಖೆಯ ಉಪನಿರ್ದೇಶಕಿ. ಜಲ್ಲಿಯಕ್ಕ ಪ್ರತಿ ಸಭೆಯಲ್ಲೂ ಹೇಳಿದ್ದು ಒಂದೇ ಮಾತು: ಹಳೆಯ ಗುಂಡಿಗೆ ಬೇಲಿ ಹಾಕದವನಿಗೆ, ಮುಚ್ಚದವನಿಗೆ ಹೊಸ ಪರವಾನಗಿ ಕೊಡಕೂಡದು, ಇದ್ದದ್ದನ್ನು ನವೀಕರಿಸಕೂಡದು. ಉಪನಿರ್ದೇಶಕಿ ತಲೆಯಾಡಿಸುತ್ತ ಬರೆದುಕೊಳ್ಳುತ್ತಿದ್ದಳು. ಹೆಬ್ಬಂಡೆ ಬಿಸ್ಕತ್ತು ಮುರಿಯುತ್ತ ನಗುತ್ತಿದ್ದ. ಅವನು ಜಗಳಕ್ಕೆ ಬಾರದಿರುವುದೇ ಜಲ್ಲಿಯಕ್ಕನಿಗೆ ಸೋಜಿಗವಾಗಿತ್ತು.

ಒಂದು ದಿನ ಸಮಿತಿ ಸ್ಥಳ ನೋಡಲು ಬಂತು. ಕಾರುಗಳು ಸಾಲಾಗಿ ಜಲ್ಲಿಯಕ್ಕನ ಮುಚ್ಚಿದ ಗುಂಡಿಯ ಹತ್ತಿರ ನಿಂತವು. ಉಪನಿರ್ದೇಶಕಿ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ನಡೆದಳು. "ಇಲ್ಲಿ ಗುಂಡಿ ಇತ್ತು ಅಂದ್ರೆ ನಂಬೋಕೇ ಆಗಲ್ಲ ಕಣ್ರೀ!" ಎಂದು ನಿಜವಾಗಿಯೂ ಸಂತೋಷಪಟ್ಟು ಎಲ್ಲ ಕಡೆಯಿಂದ ಫೋಟೋ ತೆಗೆದಳು.

"ಬನ್ನಿ ಮೇಡಂ, ಇನ್ನು ಆಚೆ ಬದಿ ನೋಡಿ. ರಸ್ತೆ ದಾಟಿದ್ರೆ ಆಯ್ತು," ಎಂದಳು ಜಲ್ಲಿಯಕ್ಕ.

ಉಪನಿರ್ದೇಶಕಿ ಆಚೆ ನೋಡಿದಳು. ದರ್ಜಿ ಅಲ್ಲಿ ನಿಂತಿದ್ದ, ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಸಮಿತಿಯವರು ಬರುತ್ತಾರೆಂದು ಕೆಲಸ ಬಿಟ್ಟು ಓಡಿ ಬಂದಿದ್ದ. ಉಪನಿರ್ದೇಶಕಿ ಗಡಿಯಾರ ನೋಡಿಕೊಂಡು, "ಊಟಕ್ಕೆ ಹೇಳಿಬಿಟ್ಟಿದ್ದಾರೆ, ಇನ್ನೊಂದ್ಸಲ ಬರ್ತೀವಿ," ಎಂದಳು. ಊಟಕ್ಕೆ ಹೇಳಿದ್ದವನು ಹೆಬ್ಬಂಡೆ. ಕಾರುಗಳು ತಿರುಗಿಕೊಂಡು ಹೋದವು. ದರ್ಜಿ ಏಳುತ್ತಿದ್ದ ಧೂಳಿನಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ಅಂಗಡಿಗೆ ವಾಪಸಾದ.

ಹೊಸ ನೀತಿಯ ಬಿಡುಗಡೆ ದೊಡ್ಡ ಸಭಾಂಗಣದಲ್ಲಿ ನಡೆಯಿತು. ಜಲ್ಲಿಯಕ್ಕ ಅಪ್ಪನನ್ನೂ ತಮ್ಮನನ್ನೂ ಕರೆದುಕೊಂಡು ಹೋದಳು. ದರ್ಜಿಯನ್ನು ಒತ್ತಾಯ ಮಾಡಿ ತನ್ನ ಪಕ್ಕ ಕೂರಿಸಿಕೊಂಡಳು. ಬಾಗಿಲಲ್ಲೇ ಎಲ್ಲರ ಕೈಗೂ ಹೊಳೆಯುವ ರಟ್ಟಿನ ಪುಸ್ತಕ ಕೊಟ್ಟರು.

"ಏ, ಇದು ನಮ್ಮ ಆಡಲ್ವೇನೇ!" ಎಂದು ಅಪ್ಪ ಕೂಗಿದ. ಸಭೆಯೆಲ್ಲ ತಿರುಗಿ ನೋಡಿತು.

ಹೌದು, ರಟ್ಟಿನ ತುಂಬ ಅವರದೇ ಮುಚ್ಚಿದ ಗುಂಡಿ, ಹಸಿರು ಹುಲ್ಲು, ಆಡು. ಜಲ್ಲಿಯಕ್ಕನಿಗೆ ಒಂದು ಕ್ಷಣ ಹೆಮ್ಮೆಯಾಯಿತು. ಆಮೇಲೆ ಒಳಗೆ ಓದಿದಳು. ಗುಂಡಿ ಮುಚ್ಚುವುದು "ಅಪೇಕ್ಷಣೀಯ" ಎಂದಿತ್ತು. ಬೇಲಿಯ ಬದಲು ಒಂದು ಎಚ್ಚರಿಕೆಯ ಫಲಕ ಹಾಕಿದರೆ ಸಾಕು ಎಂದಿತ್ತು. ನೀರು ತುಂಬಿದ ಹಳೆಯ ಗುಂಡಿಗಳನ್ನು ಇನ್ನು ಮುಂದೆ ಜಲಸಂಗ್ರಹಾಗಾರಗಳೆಂದು ಪರಿಗಣಿಸಲಾಗುವುದು, ಅವುಗಳ ಹೊಣೆ ಪರವಾನಗಿದಾರನದಲ್ಲ ಎಂದಿತ್ತು. ಹಳೆಯ ನೀತಿಯಲ್ಲಿ ಕಾಟಾಚಾರಕ್ಕಾದರೂ ಇದ್ದ "ಮುಚ್ಚತಕ್ಕದ್ದು" ಎಂಬ ಮಾತನ್ನೇ ಕಿತ್ತು ಹಾಕಿದ್ದರು. ದರ್ಜಿಯ ಮಗಳು ಮುನ್ನುಡಿಯಲ್ಲಿ "ಒಂದು ಅಹಿತಕರ ಘಟನೆ" ಆಗಿದ್ದಳು. ಕೊನೆಯ ಪುಟದಲ್ಲಿ, ಇದನ್ನೆಲ್ಲ ಒಪ್ಪಿದ ಸದಸ್ಯರ ಸಾಲಿನಲ್ಲಿ, ಜಲ್ಲಿಯಕ್ಕನ ಹೆಸರೂ ಇತ್ತು.

ವೇದಿಕೆಯ ಮೇಲೆ ಇಲಾಖೆಯ ಕಾರ್ಯದರ್ಶಿ ಮಾತಾಡುತ್ತಿದ್ದರು. ಅವಳು ಎದ್ದು ನಿಂತಳು.

"ಸ್ವಾಮಿ, ಇದನ್ನ ನಾನು ಯಾವಾಗ ಒಪ್ಪಿದೆ?"

"ಅಮ್ಮಾ, ಕೂತ್ಕೊಳ್ಳಿ. ಪ್ರಶ್ನೆಗಳಿಗೆ ಆಮೇಲೆ ಅವಕಾಶ ಇದೆ."

"ಆಮೇಲೆ ಊಟಕ್ಕೆ ಹೋಗ್ತೀರಿ. ಈಗ್ಲೇ ಹೇಳಿ. ಗುಂಡಿ ಮುಚ್ಚಿದವಳು ನಾನು. ಮುಚ್ಚಬೇಕಾಗಿಲ್ಲ ಅಂತ ಬರೆದು, ಅದರ ಮೇಲೆ ನನ್ನ ಗುಂಡಿ ಚಿತ್ರ ಅಂಟಿಸಿದ್ದೀರಲ್ಲ, ನಿಮಗೆ ನಾಚಿಕೆ ಆಗಲ್ವಾ? ಚಿತ್ರ ಹಾಕೋದಾದ್ರೆ ಎದುರಿಗಿರೋ ಗುಂಡೀದು ಹಾಕಿ! ಈ ಮನುಷ್ಯನ ಮಗಳು ಬಿದ್ದಳಲ್ಲ, ಅದನ್ನ ಹಾಕಿ! ಜಲಸಂಗ್ರಹಾಗಾರವಂತೆ! ನಿಮ್ಮನೆ ಮಕ್ಕಳನ್ನ ಅಲ್ಲಿ ಈಜೋಕೆ ಕಳಿಸ್ತೀರಾ?"

ತಮ್ಮ ಅವಳ ಸೆರಗು ಹಿಡಿದು ಎಳೆಯುತ್ತಿದ್ದ. ಪೂರ್ತಿ ಕೇಳಿಸದ ಅಪ್ಪ, "ಏನಂತೆ? ಏನ್ ಕದ್ದರಂತೆ?" ಎಂದು ಕೂಗಿದ. ಹಿಂದಿನ ಸಾಲುಗಳಲ್ಲಿದ್ದ ಸಣ್ಣ ಗುಂಡಿಗಳವರು ಜೋರಾಗಿ ನಕ್ಕರು, ಆಮೇಲೆ ಅವರೂ ಎದ್ದು ನಿಂತರು. ಕಾವಲಿನವರು ಬಂದು ಜಲ್ಲಿಯಕ್ಕನನ್ನು ಹೊರಗೆ ಕಳಿಸಿದರು. ದರ್ಜಿ ಅವಳ ಹಿಂದೆಯೇ ಹೊರಟ.

ಇಲಾಖೆ ಅವಳ ದೂರನ್ನು ಕೇಳಲಿಲ್ಲವೆಂದು ಹೇಳುವಂತಿಲ್ಲ. ಪುಸ್ತಕದ ಮುಂದಿನ ಮುದ್ರಣದಲ್ಲಿ ರಟ್ಟಿನ ಚಿತ್ರ ಬದಲಾಗಿತ್ತು. ಯಾವುದೋ ದೇಶದ ನೀಲಿ ಕೊಳ, ಅದರಲ್ಲೊಂದು ದೋಣಿ. ಒಳಗೆ ಒಂದು ಅಕ್ಷರವೂ ಬದಲಾಗಿರಲಿಲ್ಲ.

ಅದರ ಬೆನ್ನಿಗೇ ತಪಾಸಣೆಯವನೊಬ್ಬ ಅವಳ ಮನೆಗೆ ಬಂದ. ಮುಚ್ಚಿದ ಗುಂಡಿಯ ಬಳಿ ಎಚ್ಚರಿಕೆಯ ಫಲಕವಿಲ್ಲವೆಂದು ಪರವಾನಗಿಯನ್ನು ಅಮಾನತಿನಲ್ಲಿಡಲಾಗಿದೆ ಎಂದ.

"ಅಲ್ಲಿ ಗುಂಡಿನೇ ಇಲ್ವಲ್ಲಪ್ಪ! ಯಾರಿಗೆ ಎಚ್ಚರಿಕೆ, ಆಡುಗಳಿಗಾ?"

"ನಮ್ಮ ದಾಖಲೆಯಲ್ಲಿ ಗುಂಡಿ ಇದೆಯಲ್ಲಕ್ಕ. ನಾನೇನ್ ಮಾಡ್ಲಿ?"

"ಎದುರಿಗೆ ನೀರು ತುಂಬ್ಕೊಂಡು ನಿಂತಿದೆಯಲ್ಲ, ಅದು?"

"ಅದು ಈಗ ಗುಂಡಿ ಅಲ್ಲ," ಎಂದ ಅವನು ಅವಳ ಮುಖ ನೋಡಲಾಗದೆ.

ಮರುದಿನ ಬೆಳಿಗ್ಗೆ ಜಲ್ಲಿಯಕ್ಕ ತಮ್ಮನನ್ನು ಎಬ್ಬಿಸಿ, ಟಿಪ್ಪರ್ ತೆಗೆ ಎಂದಳು. ಜಲ್ಲಿಗೆ ಬಾರದ ದೊಡ್ಡ ಗುಂಡುಕಲ್ಲುಗಳು ಅವರು ಈಗ ನಡೆಸುತ್ತಿದ್ದ ಗುಂಡಿಯ ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಅವನ್ನು ತುಂಬಿಸಿ ತಂದು ಹೆಬ್ಬಂಡೆಯ ಗುಂಡಿಗೂ ರಸ್ತೆಗೂ ನಡುವೆ, ನೆಲ ಗಟ್ಟಿಯಿರುವ ಕಡೆ, ಒಂದಕ್ಕೊಂದು ತಾಗುವಂತೆ ಇಳಿಸತೊಡಗಿದಳು. ತಮ್ಮ ಅಳುಮುಖ ಮಾಡಿಕೊಂಡೇ ಓಡಿಸಿದ. ಮಧ್ಯಾಹ್ನದ ಹೊತ್ತಿಗೆ ಬೇರೆ ಸಣ್ಣ ಗುಂಡಿಗಳವರೂ ಬಂದರು. ದರ್ಜಿ ಅಂಗಡಿ ಮುಚ್ಚಿ ಬಂದು ಹಾರೆ ಹಿಡಿದ. ಸೂಜಿ ಹಿಡಿದ ಕೈಗೆ ಹಾರೆ ಒಗ್ಗದೆ ಅಂಗೈಯೆಲ್ಲ ಬೊಬ್ಬೆ ಎದ್ದಿತು.

"ಸಾಕು ಬಿಡಣ್ಣ, ನಾವು ಮಾಡ್ತೀವಿ," ಎಂದಳು ಜಲ್ಲಿಯಕ್ಕ.

"ಇರಲಿ ತಂಗಿ. ಮನೇಲಿ ಕೂತ್ರೆ ಇದಕ್ಕಿಂತ ಜಾಸ್ತಿ ನೋಯುತ್ತೆ," ಎಂದ ಅವನು.

ಸಂಜೆಗೆ ಆ ಬದಿಯುದ್ದಕ್ಕೂ ಕಲ್ಲಿನ ತಡೆ ನಿಂತಿತು.

ಹೆಬ್ಬಂಡೆ ದೂರು ಕೊಟ್ಟ. ಸಾಗಣೆಯ ಅನುಮತಿಯಿಲ್ಲದೆ ಕಲ್ಲು ಸಾಗಿಸಿದ್ದು, ಜಲಸಂಗ್ರಹಾಗಾರಕ್ಕೆ ಅಡ್ಡಿ ಮಾಡಿದ್ದು ಎಂಬ ಆರೋಪಗಳು. ವಿಚಾರಣೆ ಉಪನಿರ್ದೇಶಕಿಯ ಕೋಣೆಯಲ್ಲೇ ನಡೆಯಿತು. ಅವಳು ಬಾಗಿಲು ಹಾಕಿಸಿ, ದನಿ ತಗ್ಗಿಸಿ ಹೇಳಿದಳು:

"ನೋಡಿ, ತಪ್ಪಾಯ್ತು ಅಂದ್ಬಿಡಿ. ಇಲ್ಲಿಗೇ ಮುಗಿಸ್ತೀನಿ. ನಿಮ್ಮ ಪರವಾನಗಿನೂ ವಾಪಸ್ ಕೊಡಿಸ್ತೀನಿ."

"ತಪ್ಪು ಯಾರದು ಅಂತ ನಿಮಗೆ ಗೊತ್ತಿದೆ ಮೇಡಂ. ನೀವೇ ಬರ್ಕೊಂಡ್ರಲ್ಲ, ನಾನು ಹೇಳಿದ್ದನ್ನೆಲ್ಲ. ಅದು ಎಲ್ಲಿ ಹೋಯ್ತು?"

"ನಾನು ಬರೆದು ಮೇಲಕ್ಕೆ ಕಳಿಸಿದೆ. ಮೇಲಿಂದ ಬೇರೆ ಥರ ಬಂತು. ನನ್ನ ಕೈಲಿ ಏನಿದೆ?"

"ಬೇರೆ ಥರ ಬಂದಾಗ ನಿಮ್ಮ ಬಾಯಿಗೆ ಏನಾಗಿತ್ತು?"

ಉಪನಿರ್ದೇಶಕಿ ಮುಂದಿದ್ದ ಕಡತ ಮುಚ್ಚಿದಳು. ಜಲ್ಲಿಯಕ್ಕ ತಪ್ಪಾಯಿತೆಂದು ಹೇಳಲಿಲ್ಲ. ಕಲ್ಲುಗಳನ್ನು ತೆಗೆಸಬೇಕೆಂದು ಆದೇಶವಾಯಿತು. ತೆಗೆಸಲು ಹೆಬ್ಬಂಡೆ ಕಲ್ಲೆತ್ತುವ ತನ್ನದೇ ಲೋಡರ್ ಕಳಿಸಿ, ತಾನೂ ಕಾರಿನಲ್ಲಿ ಬಂದು ನಿಂತ. ಅದರ ಚಾಲಕ ಕಲ್ಲುಗಳ ಮುಂದೆ ಎಂಜಿನ್ ನಿಲ್ಲಿಸಿ ಕೆಳಗಿಳಿದ.

"ನನ್ನ ಮಕ್ಕಳೂ ಇದೇ ದಾರೀಲಿ ಸ್ಕೂಲಿಗೆ ಹೋಗ್ತಾರೆ ಧಣಿ. ಈ ಕೆಲಸಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ," ಎಂದು ಕೀಲಿಕೈಯನ್ನು ಧಣಿಯ ಕಾರಿನ ಮೇಲಿಟ್ಟು ನಡೆದುಬಿಟ್ಟ. ಬೇರೆ ಯಾರೂ ಸಿಗಲಿಲ್ಲ. ಕಲ್ಲುಗಳು ಇದ್ದಲ್ಲೇ ಇದ್ದವು.

ಅಷ್ಟರಲ್ಲಿ ಸಣ್ಣ ಗುಂಡಿಗಳವರು ಒಟ್ಟಾಗಿ ಸರ್ಕಾರದ ಕಾಮಗಾರಿಗಳಿಗೆ ಜಲ್ಲಿ ಕೊಡುವುದನ್ನು ನಿಲ್ಲಿಸಿದರು. ಹೆಬ್ಬಂಡೆಯೊಬ್ಬನಿಂದ ಪೂರೈಸಲಾಗಲಿಲ್ಲ. ಅರ್ಧ ಹಾಕಿದ ರಸ್ತೆಗಳು ಅರ್ಧಕ್ಕೇ ನಿಂತವು. ಗುತ್ತಿಗೆದಾರರು ಕಾರ್ಯದರ್ಶಿಯ ಕೋಣೆಯ ಮುಂದೆ ಗಲಾಟೆ ಮಾಡಿದರು. ಒಂದು ಹುಡುಗಿಯ ಸಾವು ಮಾಡಲಾಗದ್ದನ್ನು ನಿಂತ ರಸ್ತೆಗಳು ಮಾಡಿದವು. ನೀತಿಯನ್ನು ಮತ್ತೆ ತಿದ್ದುತ್ತೇವೆಂದು ಸಭೆ ಕರೆದರು.

ಈ ಸಲ ಉಪನಿರ್ದೇಶಕಿ ಎದ್ದು ನಿಂತು ಹೊಸ ನಿಯಮವನ್ನು ಗಟ್ಟಿಯಾಗಿ ಓದಿದಳು. ಬೇಲಿ ಹಾಕತಕ್ಕದ್ದು. ಮುಚ್ಚತಕ್ಕದ್ದು. ಮುಚ್ಚದಿದ್ದರೆ ನವೀಕರಣವಿಲ್ಲ. ಸಣ್ಣ ಗುಂಡಿಗಳವರು ಚಪ್ಪಾಳೆ ತಟ್ಟಿದರು. ತಮ್ಮ ಎಲ್ಲರಿಗಿಂತ ಜೋರಾಗಿ ತಟ್ಟಿದ. ಚಪ್ಪಾಳೆ ನಿಂತ ಮೇಲೆ ಅವಳು ಕೊನೆಯ ಸಾಲನ್ನು ಓದಿದಳು: ಈ ನಿಯಮ ಇಂದಿನಿಂದ ಕೊಡುವ ಪರವಾನಗಿಗಳಿಗೆ ಮಾತ್ರ ಅನ್ವಯಿಸುತ್ತದೆ. ಹೆಬ್ಬಂಡೆ ತನ್ನ ಪರವಾನಗಿಗಳನ್ನೆಲ್ಲ ಹಿಂದಿನ ತಿಂಗಳೇ ದೀರ್ಘಾವಧಿಗೆ ನವೀಕರಿಸಿಕೊಂಡಿದ್ದ.

ಆಗ ದರ್ಜಿ ಎದ್ದ. ಅಷ್ಟು ಸಭೆಗಳಲ್ಲಿ ಅವನು ಬಾಯಿ ತೆರೆದದ್ದು ಅದೇ ಮೊದಲು.

"ಅಂದ್ರೆ, ನನ್ನ ಮಗಳು ಬಿದ್ದ ಗುಂಡಿಗೆ ಇದು ಅನ್ವಯ ಆಗಲ್ಲ, ಅಲ್ವಾ ಸ್ವಾಮಿ?"

ಕಾರ್ಯದರ್ಶಿ ಕಾಗದ ತಿರುವಿದರು. ಪಕ್ಕದವರ ಕಿವಿಯಲ್ಲಿ ಏನೋ ಕೇಳಿದರು. "ಆಗಲ್ಲ," ಎಂದರು.

"ಸರಿ," ಎಂದು ದರ್ಜಿ ಕುಳಿತ.

"ಏನಂದ್ರು?" ಎಂದು ಅಪ್ಪ ಕೇಳಿದ. ಜಲ್ಲಿಯಕ್ಕ ಅವನ ಕಿವಿಗೆ ಬಾಯಿಟ್ಟು ಹೇಳಿದಳು. ಮುದುಕ ಎದ್ದು, ಆ ಸಭಾಂಗಣ ಹಿಂದೆಂದೂ ಕೇಳಿರದ ಒಂದು ಬೈಗುಳವನ್ನು ಬೈದ. ಈ ಸಲ ಯಾರೂ ನಗಲಿಲ್ಲ. ಅವನನ್ನು ಕೂರಿಸಲೂ ಯಾರೂ ಬರಲಿಲ್ಲ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಜಲ್ಲಿಯಕ್ಕ ಕುದಿಯುತ್ತಿದ್ದಳು. ಪರವಾನಗಿ ಇನ್ನೂ ಅಮಾನತಿನಲ್ಲೇ ಇತ್ತು. ತಮ್ಮ ಟಿಪ್ಪರ್ ಓಡಿಸುತ್ತಿದ್ದವನು ಇದ್ದಕ್ಕಿದ್ದಂತೆ ಬಾಯಿಬಿಟ್ಟ.

"ಅಕ್ಕಾ, ಆಸ್ಪತ್ರೆ ಹಿಂದುಗಡೆ ಹೆಬ್ಬಂಡೆದು ಇನ್ನೊಂದು ಗುಂಡಿ ಇದೆಯಲ್ಲ. ಅದಕ್ಕೂ ಬೇಲಿ ಇಲ್ಲ."

"ಇಲ್ಲ."

"ನಮ್ಮ ಹತ್ರ ಕಲ್ಲು ಇನ್ನೂ ಇದಾವೆ."

ಅವಳು ತಮ್ಮನ ಮುಖ ನೋಡಿದಳು. "ಮತ್ತೆ ಕೇಸ್ ಹಾಕ್ತಾರೆ ಕಣೋ. ಈ ಸಲ ಗಾಡಿನೂ ಎಳ್ಕೊಂಡು ಹೋಗ್ತಾರೆ."

"ಹೋಗ್ಲಿ ಬಿಡು," ಎಂದ ತಮ್ಮ.

ಮರುದಿನ ಅವರು ಆಸ್ಪತ್ರೆಯ ಹಿಂದೆ ಕಲ್ಲು ಇಳಿಸುತ್ತಿದ್ದಾಗ ಇಲಾಖೆಯ ಜೀಪು ಬಂದು ನಿಂತಿತು. ತಪಾಸಣೆಯವನು ಇಳಿದು, ನಿಲ್ಲಿಸಿ ಎಂದು ಕೈ ಮಾಡಿದ. ಜಲ್ಲಿಯಕ್ಕ ಅತ್ತ ನೋಡಲೂ ಇಲ್ಲ. ದರ್ಜಿಯ ಜೊತೆ ಸೇರಿ ಹಾರೆಯನ್ನು ಕಲ್ಲಿನ ಅಡಿಗೆ ಕೊಟ್ಟು, ಉಸಿರು ಬಿಗಿಹಿಡಿದು ಮೀಟಿದಳು.