ಬೊಂಬೆಯ ಅಂಗೈ

ಆ ಅಂಗೈ ಮತ್ತೆ ಕಣ್ಣಿಗೆ ಬಿತ್ತು, ಮೇಲ್ಮುಖವಾಗಿ ಬಿಚ್ಚಿಕೊಂಡು ಬಿದ್ದ ತರಬೇತಿ ಬೊಂಬೆಯ ರಬ್ಬರ್ ಅಂಗೈ, ಮಗಳು ಅದರ ಮಣಿಕಟ್ಟಿನ ಕೆಳಗೆ ಟವಲ್ ಮಡಿಸಿ ಇಡುತ್ತಿದ್ದಾಳೆ — ಅಮ್ಮ ಸೊಂಟ ಹಿಡಿದು ಕೂತರೆ ಒಂದು ದಿಂಬು ಕೊಡಬೇಕೆಂದು ಹೊಳೆಯದ ಹುಡುಗಿ — ಬೊಂಬೆಗೆ ಹೇಳುತ್ತಿದ್ದಾಳೆ, ಸ್ವಲ್ಪ ಚುಚ್ಚುತ್ತೆ ಅಜ್ಜಿ, ತಡ್ಕೊಳ್ಳಿ, ಆಯ್ತು ಆಯ್ತು. ಅಜ್ಜಿಯಂತೆ ಅಜ್ಜಿ. ಹೆತ್ತವರಿಗೆ ಹೆಗ್ಗಣ ಮುದ್ದು, ಹೆಗ್ಗಣಕ್ಕೆ ರಬ್ಬರ್ ಮುದ್ದು. ತರಬೇತಿ ಕೋಣೆಯ ಬಾಗಿಲಲ್ಲಿ ನಿಂತ ಅಮ್ಮನಿಗೆ, ಅಲ್ಲಿನ ಹಿರಿಯ ನರ್ಸ್‌ಗೆ, ಹೊಟ್ಟೆ ಉರಿಯಿತು, ಹೌದು, ಬೊಂಬೆಯ ಮೇಲೆ, ಈ ವಯಸ್ಸಿಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಇಪ್ಪತ್ತಾರು ವರ್ಷ ಈ ಕೋಣೆಯ ಬೊಂಬೆ ಅವಳೇ, ತೋಳು ಚಾಚಿ ಕೂತರೆ ಕಲಿಯಲು ಬಂದ ಹುಡುಗಿಯರ ಕೈಗಳೆಲ್ಲ ಅಲ್ಲೇ ಪಳಗುತ್ತಿದ್ದವು, ಕಣ್ಣಲ್ಲಲ್ಲ ಕಣ್ರೇ, ಬೆರಳಲ್ಲಿ ಹುಡುಕಿ, ನರ ಪುಟಿಯುತ್ತೆ — ಸಂಜೆ ನೀಲಿಗಟ್ಟಿದ ತೋಳು ಹೊತ್ತು ಮನೆಗೆ ಹೋದರೆ ಪುಟ್ಟ ಮಗಳು ಉಫ್ ಉಫ್ ಎಂದು ಊದುತ್ತಿದ್ದಳು, ನಾನು ದೊಡ್ಡೋಳಾದ್ಮೇಲೆ ನಿಂಗೆ ನೋವಾಗ್ದೇ ಇರೋ ಹಾಗೆ ಚುಚ್ತೀನಮ್ಮ. ದೊಡ್ಡವಳಾದಳು, ನರ್ಸಿಂಗ್ ಸೇರಿದಳು, ಅಮ್ಮನ ತೋಳು ಕೇಳಲೇ ಇಲ್ಲ, ಬೊಂಬೆಯ ಮೇಲೆ ನೂರಕ್ಕೆ ನೂರು. ಬರದೇ ಏನು, ಅದರ ನರ ದಿನವೂ ಮೊಣಕೈ ಮಡಿಕೆಯಿಂದ ಎರಡು ಬೆರಳು ಕೆಳಗೆ, ಗೋಡೆಯ ಸ್ವಿಚ್ಚಿನ ಹಾಗೆ.

ನಾಳೆ ನಿಜವಾದ ರೋಗಿಯ ಮೇಲೆ ಪರೀಕ್ಷೆ, ನನ್ನ ತೋಳಲ್ಲಿ ಒಂದ್ಸಲ ನೋಡು ಎಂದು ಅಮ್ಮ ತಾನೇ ಕುರ್ಚಿ ಎಳೆದು ಕೂತಳು, ಬೇಡಮ್ಮ, ನಿನ್ನ ನರ ಎಲ್ಲಾ ಗಟ್ಟಿಯಾಗಿದೆ — ಊರವರ ಮಕ್ಕಳಿಗೆಲ್ಲ ಕೊಟ್ಟ ತೋಳು, ಗಟ್ಟಿಯಾಗದೇ ಏನು — ಕೊನೆಗೆ ಮಗಳು ಬಂದಳು, ತೋಳಿಗೆ ಪಟ್ಟಿ ಬಿಗಿದಳು, ಮುಟ್ಟಿ ನೋಡಲೇ ಇಲ್ಲ, ನೇರ ಎರಡು ಬೆರಳು ಕೆಳಗೆ ಸೂಜಿ. ಅಲ್ಲಲ್ಲ ಕಣೇ, ಪಕ್ಕಕ್ಕಿದೆ, ಒಂದು ಮಾತು ಸಾಕಿತ್ತು, ನಾಲಗೆಯ ತುದಿಗೆ ಬಂದದ್ದನ್ನು ತಾಯಿ ನುಂಗಿಕೊಂಡಳು. ಬೊಂಬೆ ಅಯ್ಯೋ ಎನ್ನುತ್ತದೆಯೇ, ಇಲ್ಲ, ತಾನೂ ಎನ್ನುವುದಿಲ್ಲ, ಯಾರು ವಾಸಿ ನೋಡಿಯೇ ಬಿಡೋಣ. ಅಮ್ಮನ ಮುಖ ಕದಲದೇ ಇದ್ದದ್ದನ್ನು ಕಂಡು ಮಗಳು ಧೈರ್ಯವಾಗಿ ಇನ್ನೂ ಆಳಕ್ಕೆ, ಎಡಕ್ಕೆ, ಬಲಕ್ಕೆ, ಬೆರಳ ತುದಿಯವರೆಗೂ ಶಾಕ್ ಹೊಡೆದಂತಾಯಿತು, ಆಗಲೂ ತುಟಿ ಪಿಟಕ್ಕೆನ್ನಲಿಲ್ಲ. ಸೂಜಿ ಕಿತ್ತ ಜಾಗ ಉಬ್ಬುತ್ತಿದೆ, ಮಗಳ ಮುಖ ಬಿಳಿಚಿದೆ, ನೋವಾದ್ರೆ ಹೇಳ್ಬೇಕಲ್ವೇನಮ್ಮ, ನೀನು ಹೇಳ್ದೇ ಇದ್ರೆ ನಂಗೆ ಹೇಗೆ ಗೊತ್ತಾಗುತ್ತೆ, ನಾಳೆ ಆ ರೋಗಿಗೂ ಹೀಗೇ ಮಾಡಿದ್ರೆ — ಊದೇ, ಒಂದೇ ಒಂದು ಸಲ ಊದು, ಅನ್ನಬೇಕು, ಅಷ್ಟರಲ್ಲಿ ಅವಳು ಅಳುತ್ತ ಹತ್ತಿ ತರಲು ಓಡಿದಳು, ಬೆರಳು ಮಡಿಸಲು ನೋಡಿದಳು ತಾಯಿ, ಜೋಮು, ಮಡಿಯಲಿಲ್ಲ, ಮೇಜಿನ ಮೇಲೆ ಬೊಂಬೆಯದು ಒಂದು, ತನ್ನ ತೊಡೆಯ ಮೇಲೆ ಒಂದು, ಮೇಲ್ಮುಖವಾಗಿ ಬಿಚ್ಚಿಕೊಂಡು ಬಿದ್ದ ಅಂಗೈ