ಪಕ್ಕದ ಮಂಚದ ಮಗು ಅಳಲಿಲ್ಲ

ಚೇಳೂರಿನ ಶಶಿಕಲಾಗೆ ಒಬ್ಬಳೇ ಮಗಳು, ಐದು ವರ್ಷದ ಲಿಖಿತಾ. ನಡೆಯಲು ಕಲಿತಾಗಿನಿಂದಲೂ ಬಾತುಕೋಳಿಯ ಹಾಗೆ ಆ ಕಡೆ ಈ ಕಡೆ ವಾಲುತ್ತಾ ನಡೆಯುತ್ತಿದ್ದಳು. "ಬೆಳೀತಾ ಬೆಳೀತಾ ಸರಿಹೋಯ್ತದೆ ಬುಡು" ಎಂದು ಊರವರೆಲ್ಲ ಹೇಳಿದರು. ಸರಿಹೋಗಲಿಲ್ಲ. ಕೊನೆಗೆ ಗಂಡ ರಂಗರಾಜು ತುಮಕೂರಿನ ಆಸ್ಪತ್ರೆಯಲ್ಲಿ ತೋರಿಸಿದ. ಎರಡೂ ಕಡೆ ಸೊಂಟದ ಕೀಲು ಜಾಗದಲ್ಲಿ ಕೂತಿಲ್ಲ, ಆಪರೇಷನ್ ಆಗಬೇಕು, ಈಗ ಬಲಗಡೆ, ಕೆಲವು ತಿಂಗಳು ಬಿಟ್ಟು ಎಡಗಡೆ ಎಂದರು ಮೂಳೆ ಡಾಕ್ಟರು.

ಆಪರೇಷನ್ನಿನ ಹಿಂದಿನ ದಿನ ಅರಿವಳಿಕೆ ಡಾಕ್ಟರು ಪ್ರಮೀಳಾ ವಾರ್ಡಿಗೆ ಬಂದರು. "ಮಗು ಎದ್ದ ಮೇಲೂ ನೋವು ಕಾಡದ ಹಾಗೆ ಬೆನ್ನಿಗೆ ಎಪಿಡ್ಯೂರಲ್ ಅಂತ ಹಾಕಬಹುದು" ಎಂದು ಮಾತು ಶುರುಮಾಡುವಷ್ಟರಲ್ಲಿ ಶಶಿಕಲಾಳ ಅತ್ತೆ ಹನುಮಂತಮ್ಮ ಅಡ್ಡಬಾಯಿ ಹಾಕಿದರು.

"ಬೆನ್ನಿಗೆ ಸೂಜಿನಾ? ಬ್ಯಾಡ ಕಣವ್ವ. ಹೆರಿಗೇಲಿ ಚುಚ್ಚಿಸ್ಕೊಂಡೋರು ಈಗ್ಲೂ ಸೊಂಟ ಹಿಡ್ಕೊಂಡು ಓಡಾಡ್ತಾವ್ರೆ. ಕೂಸಿನ ಕಾಲೇ ಬಿದ್ದೋದ್ರೆ?"

ಶಶಿಕಲಾಗೆ ಮುಂದಿನ ಮಾತು ಕೇಳುವ ಧೈರ್ಯ ಬರಲಿಲ್ಲ. "ಬೇಡ ಮೇಡಂ, ಮಾಮೂಲಿ ಔಷಧೀನೇ ಕೊಡಿ" ಎಂದುಬಿಟ್ಟಳು.

ಆಪರೇಷನ್ ಚೆನ್ನಾಗಿಯೇ ಆಯಿತು, ಸೊಂಟದಿಂದ ಕಾಲಿನವರೆಗೆ ಪ್ಲಾಸ್ಟರ್ ಹಾಕಿದರು. ಆದರೆ ಮಾರನೆಯ ದಿನ ಲಿಖಿತಾಳ ಗೋಳು ನೋಡಲಾಗಲಿಲ್ಲ. ಔಷಧಿ ಕೊಟ್ಟಾಗ ಸ್ವಲ್ಪ ಹೊತ್ತು ಕಣ್ಣು ಮುಚ್ಚುವಳು, ಆಮೇಲೆ ಮತ್ತೆ ನರಳುವಳು. ಹಾಸಿಗೆ ಬಟ್ಟೆ ಬದಲಿಸಲು ಹೋದರೆ ವಾರ್ಡೇ ತಿರುಗಿ ನೋಡುವ ಹಾಗೆ ಕಿರುಚುವಳು.

ಪಕ್ಕದ ಮಂಚದಲ್ಲಿ ಕುಣಿಗಲ್ಲಿನ ಸುಶ್ಮಿತಾ ಮತ್ತು ಅವಳ ಮಗ ಚರಣ್ ಇದ್ದರು. ಅವನಿಗೂ ಅದೇ ವಯಸ್ಸು, ಅದೇ ಆಪರೇಷನ್, ಅದೂ ಅದೇ ದಿನ. ಆದರೆ ಚರಣ್ ಇಡ್ಲಿ ತಿಂದ. ಮೊಬೈಲಿನಲ್ಲಿ ಕಾರ್ಟೂನ್ ನೋಡಿ ನಕ್ಕ. ನಗುತ್ತಲೇ ನಿದ್ದೆ ಹೋದ.

ಆ ಹುಡುಗನ ನಗು ಕೇಳಿದರೆ ಶಶಿಕಲಾಳ ಮೈ ಉರಿಯುತ್ತಿತ್ತು. ಸುಶ್ಮಿತಾ ಬಾಳೆಹಣ್ಣು ಕೊಡಲು ಬಂದರೆ ಮುಖ ತಿರುಗಿಸಿದಳು. ಗಂಡನ ಕಿವಿಯಲ್ಲಿ, "ಯಾರೋ ದೊಡ್ಡೋರ ಕಡೆಯೋರಿರ್ಬೇಕು ಇವ್ರು. ಅವ್ರ ಮಗೂಗೆ ಒಳ್ಳೇ ಔಷಧಿ, ನಮ್ಮ ಮಗೂಗೆ ಬರೀ ನೀರು" ಎಂದಳು.

"ಸುಮ್ನಿರೇ, ಕೇಳಿಸ್ಕೊಂಡಾರು" ಎಂದ ರಂಗರಾಜು.

ಮಧ್ಯಾಹ್ನ ಚರಣ್ ಇದ್ದಕ್ಕಿದ್ದಂತೆ ಅಳತೊಡಗಿದ. ಶಶಿಕಲಾಳ ಮನಸ್ಸಿಗೆ ಮೊದಲು ಬಂದದ್ದು ಒಂದೇ ಮಾತು: ಅಳಲಿ, ಅವನ ಅಮ್ಮನಿಗೂ ಗೊತ್ತಾಗಲಿ. ಆದರೆ ಅಳು ಜೋರಾಯಿತು. ಕಣ್ಣು ಮುಚ್ಚಿಕೊಂಡರೆ ಅದು ಲಿಖಿತಾಳ ಅಳುವೇ. ಇಂಥದ್ದನ್ನು ಬಯಸಿಬಿಟ್ಟೆನಲ್ಲ ಎಂದು ತನ್ನ ಮೇಲೆಯೇ ಹೇಸಿಗೆಯಾಯಿತು.

"ಅಕ್ಕ, ಒಂದ್ಚೂರು ಇವನ ಕೈ ಹಿಡ್ಕೊಳ್ಳಿ, ಸಿಸ್ಟರ್‌ನ ಕರ್ಕೊಂಬರ್ತೀನಿ" ಎಂದು ಸುಶ್ಮಿತಾ ಓಡಿದಳು. ಶಶಿಕಲಾ ಎದ್ದು ಹೋಗಿ ಆ ಪುಟ್ಟ ಕೈ ಹಿಡಿದಳು. ಅವನ ಬೆನ್ನಿನಿಂದ ದಾರದಂಥ ಒಂದು ನಳಿಕೆ ಹೊರಟು, ಮಂಚದ ಪಕ್ಕದ ಸಣ್ಣ ಪಂಪಿಗೆ ಸೇರಿತ್ತು.

ಡಾಕ್ಟರು ಪ್ರಮೀಳಾ ಬಂದು ನೋಡಿದರು. ನಳಿಕೆ ಹುಡುಗನ ಮೈಕೆಳಗೆ ಮಡಚಿಕೊಂಡು ಔಷಧಿ ಹರಿಯುವುದು ನಿಂತಿತ್ತು. ಸರಿಮಾಡಿದರು. ಸ್ವಲ್ಪ ಹೊತ್ತಿಗೆ ಅಳು ಇಳಿಯಿತು.

ಶಶಿಕಲಾ ತಡೆಯಲಾರದೆ ಕೇಳಿಯೇಬಿಟ್ಟಳು. "ನಮ್ಮ ಮಗೂಗ್ಯಾಕೆ ಇದನ್ನ ಹಾಕ್ಲಿಲ್ಲ ಮೇಡಂ? ನಾವು ಹಳ್ಳಿಯೋರು ಅಂತಾನಾ?"

"ಇದೇ ಎಪಿಡ್ಯೂರಲ್ ವಿಷ್ಯ ನಿಮ್ಗೂ ಹೇಳೋಕೆ ಬಂದಿದ್ದೆನಲ್ಲಮ್ಮ. ನೀವು ಬೇಡ ಅಂದ್ರಿ."

ಸುಶ್ಮಿತಾ ಶಶಿಕಲಾಳ ಹೆಗಲ ಮೇಲೆ ಕೈಯಿಟ್ಟಳು. "ನಂಗೂ ಭಯ ಇತ್ತು ಅಕ್ಕ. ಕಾಲು ಬಿದ್ದೋಗುತ್ತಾ, ಬೆನ್ನು ನೋಯುತ್ತಾ ಅಂತ ಕೇಳಿ ಕೇಳಿ ಮೇಡಂ ತಲೆ ತಿಂದ್ಬಿಟ್ಟೆ."

ಎರಡೂ ಮಂಚದ ನಡುವೆ ಕುರ್ಚಿ ಎಳೆದುಕೊಂಡು ಡಾಕ್ಟರು ವಿವರಿಸಿದರು. "ಮಗು ಮತ್ತಿನಲ್ಲಿದ್ದಾಗ್ಲೇ ಹಾಕ್ತೀವಿ, ಚುಚ್ಚಿದ್ದು ಅದಕ್ಕೆ ಗೊತ್ತಾಗಲ್ಲ. ಸೂಜಿ ತೆಗೆದುಬಿಡ್ತೀವಿ, ಮೆತ್ತನೆ ನಳಿಕೆ ಮಾತ್ರ ಎರಡು ಮೂರು ದಿನ ಇರುತ್ತೆ. ಕಾಲು ಸ್ವಲ್ಪ ಭಾರ ಅನ್ನಿಸ್ಬೋದು, ಮೈ ಕಡೀಬೋದು, ಮೂತ್ರ ಕಟ್ಕೋಬೋದು. ಔಷಧಿ ನಿಲ್ಲಿಸಿದ್ರೆ ಸಾಮಾನ್ಯವಾಗಿ ಸರಿಹೋಗುತ್ತೆ. ಸೋಂಕು, ನರಕ್ಕೆ ಪೆಟ್ಟು ಆಗೋದು ತುಂಬಾ ಅಪರೂಪ, ಆದ್ರೆ ಆಗೋದೇ ಇಲ್ಲ ಅಂತ ನಾನು ಹೇಳಲ್ಲ. ಅದಕ್ಕೇ ಸಿಸ್ಟರ್ ಆಗಾಗ ಬಂದು ನೋಡ್ತಿರ್ತಾರೆ."

"ಈಗ ಹಾಕೋಕಾಗಲ್ವಾ?"

"ಪ್ಲಾಸ್ಟರ್ ಬಿಗಿದಾಗಿದೆ, ಮಗು ಎಚ್ಚರವಾಗಿದೆ. ಈಗ ಕಷ್ಟ. ಬೇರೆ ಔಷಧಿ ಹೊಂದಿಸಿ ಕೊಡ್ತೀನಿ. ನೋವು ಅಂದ್ರೆ ಸಹಿಸ್ಕೊಂಡು ಕೂರ್ಬೇಡಿ, ನಮ್ಗೆ ಹೇಳಿ."

ಔಷಧಿ ಬದಲಾಯಿತು. ಸಂಜೆಯ ಹೊತ್ತಿಗೆ ಲಿಖಿತಾ ನಿದ್ದೆ ಮಾಡಿದಳು. ಶಶಿಕಲಾ ಸುಶ್ಮಿತಾಳ ಬಾಳೆಹಣ್ಣನ್ನು ತಾನೇ ಕೇಳಿ ತೆಗೆದುಕೊಂಡಳು.

ಕೆಲವು ತಿಂಗಳ ನಂತರ ಎಡಗಡೆಯ ಆಪರೇಷನ್. ಈ ಸಲ ಹನುಮಂತಮ್ಮನೇ ಡಾಕ್ಟರನ್ನು ತಡೆದು ನಿಲ್ಲಿಸಿ ಕೇಳಿದರು. "ಆ ಸೂಜಿ ಒಳಗೇ ಇರಕ್ಕಿಲ್ಲ ತಾನೆ?" ಇಲ್ಲ ಎಂದ ಮೇಲೆ, "ಹಂಗಾದ್ರೆ ಹಾಕಿ" ಎಂದರು.

ಎಪಿಡ್ಯೂರಲ್ ಹಾಕಿದರು. ಮಾರನೆಯ ಬೆಳಿಗ್ಗೆ ಲಿಖಿತಾ ಎದ್ದಾಗ ಮೂಗು ಕಡಿಯುತ್ತದೆ ಎಂದಳು. ಸಿಸ್ಟರ್ ಅದಕ್ಕೆ ಔಷಧಿ ಕೊಟ್ಟರು. ಆಮೇಲೆ ಹುಡುಗಿ ಚಿತ್ರಾನ್ನ ಬೇಕೆಂದು ಹಟ ಹಿಡಿದಳು. ಬಟ್ಟೆ ಬದಲಿಸುವಾಗ ಮುಖ ಸಿಂಡರಿಸಿದಳು, ಕಿರುಚಲಿಲ್ಲ. ಶಶಿಕಲಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಹನುಮಂತಮ್ಮ ಮೊಮ್ಮಗಳನ್ನು ನೋಡಿ ನೋಡಿ ಕೊನೆಗೆ ನಿಟ್ಟುಸಿರು ಬಿಟ್ಟರು. "ಆರಾಮಾಗಿ ಚಿತ್ರಾನ್ನ ತಿಂತಾವ್ಳೆ ನೋಡು. ನಂಗೂ ಈ ಮಂಡಿಗೊಂದು ಹಾಕಿ ಅಂತ ಆ ಡಾಕ್ಟ್ರಮ್ಮಂಗೆ ಹೇಳೇ!"

ಅಪ್ಪ ಅಮ್ಮಂದಿರೇ, ನಿಮ್ಮ ಮಗುವಿಗೆ ಆಪರೇಷನ್ ಆಗುವುದಿದ್ದರೆ, "ಎದ್ದ ಮೇಲೆ ನೋವಿಗೆ ಏನು ಮಾಡುತ್ತೀರಿ?" ಎಂದು ಮೊದಲೇ ಕೇಳಿ. ಎಪಿಡ್ಯೂರಲ್ ಎಲ್ಲ ಮಕ್ಕಳಿಗೂ, ಎಲ್ಲ ಆಪರೇಷನ್ನಿಗೂ ಹೊಂದುವುದಿಲ್ಲ. ರಕ್ತ ಬೇಗ ನಿಲ್ಲದ ತೊಂದರೆ, ಬೆನ್ನಿನ ತೊಂದರೆ, ಒಗ್ಗದ ಔಷಧಿ ಏನಿದ್ದರೂ ಮುಚ್ಚಿಡದೆ ಹೇಳಿ. ಭಯವಾದರೆ ಆ ಭಯವನ್ನೇ ಡಾಕ್ಟರ ಮುಂದಿಡಿ. ಚಿಕ್ಕ ಮಗುವಿಗೆ ನೋವಾದರೆ ಅಳುವುದು ಗೊತ್ತು, ಕೇಳುವುದು ಗೊತ್ತಿಲ್ಲ. ಅದರ ಪರವಾಗಿ ನೀವು ಕೇಳಿ.